ಗೀಜರ್ ಹಚ್ಚಿದ್ರ 200 ಯೂನಿಟ್ ದಾಟಾಕತ್ತೈತಿ, ಬಿಸಿನೀರಿಗೆ ಏನ್ ಮಾಡೂದ್ರಿ?

ನವನಗರ ಅಕ್ಕ:
ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳಿ ನವನಗರದಾಗ ಮ್ಯಾಲಿನ ಮನ್ಯಾಗ ಬಾಡಿಗಿ ಅದೀವಿ, ಐದಾರು ವರ್ಷ ಆತು. ನಾನು, ನಮ್ಮನಿಯವರು, ಅತ್ತಿಯವರು, ಮಗ ಸೆಕೆಂಡ್ ಪಿಯು, ಮಗಳು ಏಳನೇತ್ತೆ, ಒಟ್ಟ ಐದು ಮಂದಿ. ಬಚ್ಚಲದಾಗ 25 ಲೀಟರಿನ ಗೀಜರ್ ಐತಿ, 2 ಕಿಲೋವ್ಯಾಟಿಂದು, ಅದರ ಪೈಪ ಅಡಗಿಮನಿ ಸಿಂಕಿಗೂ ಹೋಗೇತಿ. ಗೃಹಜ್ಯೋತಿಯೊಳಗ ನಮ್ಮ ಮೀಟರಿಗೆ 165 ಯೂನಿಟ್ ಫ್ರೀ, 2022-23ರ ಸರಾಸರಿ 150 ಇತ್ತು ಅದರ ಮ್ಯಾಲೆ 10 ಪರ್ಸೆಂಟ್. ನವೆಂಬರ್‌ದಾಗ 171 ಬಂತು, ಮ್ಯಾಲಿನ ಆರು ಯೂನಿಟ್ಟಿಗೆ ನಲವತ್ತು ರೂಪಾಯಿ ಕಟ್ಟಿ ಸುಮ್ಮನಾದ್ವಿ. ಡಿಸೆಂಬರ್‌ದಾಗ 214! 200 ದಾಟಿದ್ರ ಫ್ರೀ ಅನ್ನೂದ ಇಲ್ಲಲ್ರಿ, ಪೂರಾ 214ಕ್ಕೂ ಬಿಲ್ ಬಂತು, 1,700 ಮ್ಯಾಲೆ. ಬರೇ ಹದಿನಾಲ್ಕು ಯೂನಿಟ್ ಹೆಚ್ಚಾಗಿದ್ದಕ್ಕ.

ಈಗ ಮನ್ಯಾಗ ಒಬ್ಬೊಬ್ಬರದು ಒಂದೊಂದು ರಾಗ. ನಮ್ಮನಿಯವರು ಗ್ಯಾಸ್ ಗೀಜರ್ ಹಾಕಸೂಣು ಅಂತಾರ, ಮಗ ಇನ್‌ಸ್ಟಂಟ್ ತಗೋರಿ ಅದು ಕರೆಂಟ್ ತಿನ್ನೂದಿಲ್ಲ ಅಂತಾನ, ಅತ್ತಿಯವರು ಬ್ಯಾಡಗಿ ಮನ್ಯಾಗಿನ ಕಟಗಿ ಹಾಕಿ ನೀರು ಕಾಸೂ ತಾಮ್ರದ ಬಂಬ್ ತರಿಸಿಬಿಡ್ರಿ ಅಂತ ಕುಂತಾರ. ಸೋಲಾರ್ ಆಗೂದಿಲ್ರಿ, ಮಾಳಿಗಿ ಮಾಲಕರ ಕೈಯಾಗೈತಿ, ಅಲ್ಲಿ ಅವರ ಹಪ್ಪಳ ಸಂಡಿಗಿ ಒಣಗತಾವು. ಯಾವುದು ಅಗ್ಗ ಬೀಳತೈತಿ, ತಿಳದವರು ಹೇಳ್ರಿ.

ಗೋಕುಲ ರೋಡ:
ಗ್ಯಾಸ್ ಗೀಜರ್ ಹಾಕಸ್ರಿ ಅಕ್ಕಾರ, ಕಣ್ಣ ಮುಚ್ಚಿ. ನಮ್ಮ ಮನ್ಯಾಗ ನಾಕು ವರ್ಷ ಆತು, ನಳ ತಿರುವಿದ್ರ ಸಾಕು ಸುಡೂ ನೀರು. ಕರೆಂಟ್ ಹೋದ್ರೂ ಚಿಂತಿಲ್ಲ, ಎರಡು ದೊಡ್ಡ ಸೆಲ್ ಹಾಕಿದ್ರ ಆತು.

ಹಾನಗಲ್ ಗೊಂಜಾಳ:
ಬಂಬ್ ತರಸ್ರಿ. ಅತ್ತಿಯವರ ಮಾತು ಕೇಳಿದ ಸೊಸಿ ಕೆಟ್ಟಿಲ್ಲ 😄

ಹಳೇಹುಬ್ಬಳ್ಳಿ ವಾಯರಮನ್:
ಮೊದಲ ಬಿಲ್ ಲೆಕ್ಕ ಬಿಡಿಸಿ ನೋಡ್ರಿ ಅಕ್ಕಾರ. 2025-26ರ ದರದಾಗ ಮನಿ ಕರೆಂಟಿಗೆ ಯೂನಿಟ್ಟಿಗೆ 5.80, ಪಿಂಚಣಿ ಗ್ರಾಚುಯಿಟಿ ಅಂತ 36 ಪೈಸೆ, 5.80ರ ಮ್ಯಾಲೆ 9 ಪರ್ಸೆಂಟ್ ಟ್ಯಾಕ್ಸ್, ಎಲ್ಲಾ ಕೂಡಿ ಯೂನಿಟ್ಟಿಗೆ 6.70 ಹತ್ರ ಹೋಗ್ತೈತಿ. ಅದರ ಮ್ಯಾಲೆ ಕಿಲೋವ್ಯಾಟಿಗೆ 145ರಂಗ ಫಿಕ್ಸೆಡ್, ನಿಮ್ದು 2 ಕಿಲೋವ್ಯಾಟ್ ಮಂಜೂರಿ ಇದ್ದಂಗ ಕಾಣತೈತಿ, 290. ಒಟ್ಟ 1,720 ಆಗ್ತೈತಿ, ಬಿಲ್ ತಪ್ಪಿಲ್ಲ. ಅಂದ್ರ ನಿಮ್ಮ ಪ್ರಶ್ನೆ ಯಾವುದು ಅಗ್ಗ ಅನ್ನೂದಲ್ಲ, 200ರ ಗೆರಿ ಹೆಂಗ ದಾಟಬಾರದು ಅನ್ನೂದು. ಆ ಗೆರಿ ಮ್ಯಾಲಿನ ಒಂದ ಒಂದು ಯೂನಿಟ್ಟಿಗೆ ಸಾವಿರದ ನಾನೂರು ರೂಪಾಯಿ ಕಿಮ್ಮತ್ತು ಐತಿ ಅಂತ ತಿಳಕೋರಿ. 200 ಬಂದ್ರ 35 ಯೂನಿಟ್ಟಿಂದು ಇನ್ನೂರಾ ಮೂವತ್ತು ರೂಪಾಯಿ, 201 ಬಂದ್ರ ಸಾವಿರದಾರನೂರಾ ಚಿಲ್ಲರೆ.

ನಿಮ್ಮ ಮಗಗ ಹೇಳ್ರಿ, ಇನ್‌ಸ್ಟಂಟ್ ಕರೆಂಟ್ ತಿನ್ನೂದಿಲ್ಲ ಅನ್ನೂದು ಸುಳ್ಳು. ನೀರು ಅಷ್ಟ ಬಿಸಿ ಆಗಬೇಕಂದ್ರ ಯಾವ ಗೀಜರಿಗೂ ಅಷ್ಟ ಕರೆಂಟ್ ಬೇಕು. ಇನ್‌ಸ್ಟಂಟಿನ ಒಳಗ ನೀರು ಕುಂತು ಆರೂದಿಲ್ಲ, ಅಷ್ಟ ಉಳಿತಾಯ. ಆದ್ರ ಅದು 3 ಕಿಲೋವ್ಯಾಟು. ಹಳೇ ಮನಿ ವಾಯರಿಂಗಿಗೆ ಅದನ್ನ ಹಚ್ಚಿದ್ರ ಸ್ವಿಚ್ ಬೋರ್ಡ್ ಕರ್ರಗಾಗ್ತೈತಿ, ನಾ ವಾರಕ್ಕೊಂದು ಬದಲಿ ಮಾಡ್ತೀನಿ. 16 ಆಂಪ್ ಪಿನ್ನು, 4 ಎಂಎಂ ವಾಯರು, ಬ್ಯಾರೇ ಎಂಸಿಬಿ ಇಲ್ದ ಹಚ್ಚಬ್ಯಾಡ್ರಿ.

ಮಾಳಮಡ್ಡಿ ಮಾಸ್ತರ:
ನಾನು ನಿವೃತ್ತ ಭೌತಶಾಸ್ತ್ರದ ಮಾಸ್ತರ, ಧಾರವಾಡದಾಗ ಇರ್ತೀನಿ. ಒಂದು ಸಣ್ಣ ಲೆಕ್ಕ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಒಂದು ಲೀಟರ್ ನೀರು ಒಂದು ಡಿಗ್ರಿ ಏರಬೇಕಂದ್ರ ಒಂದು ಕಿಲೋಕ್ಯಾಲರಿ ಬೇಕು. ಒಂದು ಯೂನಿಟ್ ಕರೆಂಟ್ ಅಂದ್ರ 860 ಕಿಲೋಕ್ಯಾಲರಿ. ಈಗ ಥಂಡ್ಯಾಗ ಟಾಕಿ ನೀರು 21 ಡಿಗ್ರಿ ಸುಮಾರ ಇರ್ತದ, ಜಳಕಕ್ಕ ಹದಾ ನೀರು ಅಂದ್ರ 42. 20 ಲೀಟರಿನ ಬಕೀಟಿಗೆ 20 ಗುಣಿಲೆ 21 ಅಂದ್ರ 420, ಅದಕ್ಕ ಅರ್ಧ ಯೂನಿಟ್ ಕರೆಂಟ್ ಬಂತಲ್ಲ. ಗ್ಯಾಸ್ ನೋಡೋಣ. ಒಂದು ಕಿಲೋ ಎಲ್‌ಪಿಜಿ ಒಳಗ ಸುಮಾರ 11,000 ಕಿಲೋಕ್ಯಾಲರಿ ಇರ್ತದ, ಗೀಜರು ಅದರಾಗ 80 ಪರ್ಸೆಂಟ್ ನೀರಿಗೆ ಮುಟ್ಟಿಸ್ತದ ಅಂತ ಹಿಡಿದ್ರ 14.2 ಕಿಲೋ ಸಿಲಿಂಡರಿಗೆ ಹತ್ರ ಹತ್ರ 300 ಬಕೀಟು. ಸಿಲಿಂಡರ್ 900 ಹಿಡೀರಿ, ಬಕೀಟಿಗೆ ಮೂರು ರೂಪಾಯಿ. ಕರೆಂಟಿಂದು ಅರ್ಧ ಯೂನಿಟ್ಟಿಗೆ ಮೂರೂವರಿ ಒಳಗ. ಎರಡೂ ಅಕ್ಕಪಕ್ಕ ಅವ. ಒಲಿ ಮ್ಯಾಲೆ ಪಾತೇಲಿ ಇಟ್ಟು ಕಾಸಿದ್ರ ಮಾತ್ರ ಶಾಖ ಬದೀಗೆ ಹಾರಿ ಹೋಗ್ತದ, ಮೂರೂಮುಕ್ಕಾಲು ಬೀಳ್ತದ, ಅಂದ್ರ ಅದು ಎಲ್ಲಾದಕ್ಕಿಂತ ತುಟ್ಟಿ. ಆದ್ರ ತಾಯೀ, ನಿಮ್ಮ 165 ಯೂನಿಟ್ ಪುಕ್ಕಟೆ ಅದ. ಪುಕ್ಕಟೆ ಇದ್ದದ್ದನ್ನ ಬಿಟ್ಟು ರೊಕ್ಕಾ ಕೊಟ್ಟು ತಂದ ಗ್ಯಾಸ್ ಯಾಕ ಸುಡ್ತೀರಿ?

ಈಗ ನಂದೊಂದು ಪ್ರಶ್ನೆ. ಗೀಜರ್ ಹಚ್ಚದ ತಿಂಗಳ ನಿಮ್ಮ ಬಿಲ್ ಎಷ್ಟು ಬರ್ತದ?

ನವನಗರ ಅಕ್ಕ:
ಮಾಸ್ತರ್ರ ಅಕ್ಟೋಬರ್‌ದಾಗ 96 ಇತ್ತು ನೋಡ್ರಿ, ಆವಾಗ ಗೀಜರ್ ಹಚ್ಚತಿರಲಿಲ್ಲ.

ಮಾಳಮಡ್ಡಿ ಮಾಸ್ತರ:
ಅಂದ್ರ 118 ಯೂನಿಟ್ ಗೀಜರಿಂದು, ದಿನಕ್ಕ ನಾಕಕ್ಕ ಒಂಚೂರು ಕಡಿಮಿ. ಐದು ಮಂದಿಗೆ ಐದು ಬಕೀಟಿಗೆ ಎರಡೂವರಿ ಆಗಬೇಕು. ಉಳಿದ ಒಂದೂವರಿ ಎಲ್ಲಿ ಹೋತು? ಅದನ್ನ ಹುಡುಕಿದ್ರ ನಿಮಗ ಹೊಸಾ ಮಷೀನ ಬೇಕಾಗೂದಿಲ್ಲ.

ಬೆಟಗೇರಿ ಮಗ್ಗ:
ಮಾಸ್ತರ ಸಿಐಡಿ ಆಗ್ಯಾರ 😂 ನಾವು ಗದಗ-ಬೆಟಗೇರಿಯವರು, ನಮ್ಮದು ಸೋಲಾರ್ ಕತಿ ಹೇಳತೀನಿ ಯಾರಿಗರ ಉಪಯೋಗ ಆಗಲಿ. ಸ್ವಂತ ಮನಿ ಇದ್ದವರು ಸೋಲಾರ್ ಬಿಟ್ಟು ಬ್ಯಾರೇ ಮಾತಾಡಬಾರದು, ಬಿಸಲಿಗೇನ್ ಬರ ಐತೇನ್ರಿ ನಮ್ಮ ಕಡೆ. ಕಪ್ಪತಗುಡ್ಡದ ಮ್ಯಾಲೆ ಅಷ್ಟು ಗಾಳಿ ಫ್ಯಾನ್ ತಿರಗತಾವು, ನಮ್ಮ ಮನ್ಯಾಗ ಗೀಜರ್ ಸ್ವಿಚ್ ಒತ್ತಾಕ ಅಂಜಿಕಿ. ನಾವು 200 ಲೀಟರಿಂದು ಗಾಜಿನ ಟ್ಯೂಬಿಂದು ಹಾಕಿಸಿದ್ವಿ. ಬೋರಿನ ನೀರಿಗೆ ಅದ ಛಲೋ, ಯಾಕಂದ್ರ ತಾಮ್ರದ ತಗಡಿಂದು ಇದ್ರ ಸಣ್ಣ ಪೈಪಿನ್ಯಾಗ ಸುಣ್ಣ ಕಟ್ಟಿ ಎರಡ್ಮೂರು ವರ್ಷದಾಗ ನೀರು ಓಡೂದ ಬಂದ್ ಆಗ್ತೈತಿ. ಗಾಜಿನ ಟ್ಯೂಬಿನ್ಯಾಗ ಸುಣ್ಣ ತಳಕ್ಕ ಕುಂತಕೋತೈತಿ, ವರ್ಷಕ್ಕೊಮ್ಮೆ ಕಿತ್ತಿ ತೊಳದ್ರ ಆತು.

ಆದ್ರ ಒಂದು ಮಾತು ಯಾರೂ ಹೇಳಿರಲಿಲ್ಲ ನಮಗ. ನಮ್ಮೂರಾಗ ನಳದ ನೀರು ಹತ್ತು ಹನ್ನೆರಡು ದಿನಕ್ಕೊಮ್ಮೆ ಬರೂದು, ಒಂದ್ಸಲ ಬೇಸಿಗ್ಯಾಗ ಮ್ಯಾಲಿನ ಟಾಕಿ ಖಾಲಿ ಆತು, ಸೋಲಾರಿನ್ಯಾಗಿನ ನೀರೂ ಮುಗದು ಟ್ಯೂಬ್ ಬಣ ಬಣ ಬಿಸಲಿಗೆ ಕಾದು ಕುಂತಿದ್ವು. ಮಧ್ಯಾಹ್ನ ಒಂದಕ್ಕ ನೀರು ಬಂತು ಅಂತ ಖುಷೀಲೆ ಮೋಟರ್ ಹಚ್ಚಿದೆ, ತಣ್ಣನ ನೀರು ಒಳಗ ಬಿದ್ದದ್ದ ತಡ ಮಾಳಿಗಿ ಮ್ಯಾಲೆ ಟಪ್ ಟಪ್ ಟಪ್ ಅಂತ ಸಪ್ಪಳ, ಏನ ಮಂಗ್ಯಾ ಬಂದಾವು ಅಂತ ಕೋಲ ಹಿಡಕೊಂಡು ಮ್ಯಾಲೆ ಓಡಿದ್ರ ಆರು ಟ್ಯೂಬ್ ಒಡದಿದ್ವು, ನೀರು ಜಗಲಿ ಮ್ಯಾಲಿಂದ ಕೆಳಗಿನ ಮನಿ ಬಾಗಲಕ್ಕ ಇಳದು ಅವರೂ ಮ್ಯಾಲೆ ಬಂದ್ರು ಜಗಳಕ್ಕ. ಅವತ್ತಿಂದ ಟಾಕಿ ಖಾಲಿ ಆದ್ರ ಟ್ಯೂಬಿನ ಮ್ಯಾಲೆ ಹಳೇ ಜಮಖಾನಿ ಹಚ್ಚತೀವಿ, ನೀರು ತುಂಬೂದು ಹೊತ್ತು ಮುಳುಗಿದ ಮ್ಯಾಲೆ ಇಲ್ಲಾ ನಸುಕಿನ್ಯಾಗ.

ಮಾಳಮಡ್ಡಿ ಮಾಸ್ತರ:
ಬೆಟಗೇರಿಯವರ, ನಿಮಗ ಬರೇ ಸಪ್ಪಳ ಕೇಳಿ ಮಂಗ್ಯಾ ಅನಿಸ್ಯಾವ, ನಮ್ಮ ಧಾರವಾಡದಾಗ ಖರೇನ ಅವ. ಮಳೆಗಾಲದಾಗ ಹಿಂಡಿಗೆ ಹಿಂಡು ಬಂದು ಸೋಲಾರ್ ಟಾಕಿ ಮ್ಯಾಲೆ ಕೂಡ್ತಾವ, ಬೆಚ್ಚಗಿರ್ತದಲ್ಲ. ಹೊಗಿಕೊಳವಿ ಗತೆ ಮ್ಯಾಲೆ ನಿಂತಿರ್ತದಲ್ಲ ಗಾಳಿ ಪೈಪು, ಅದಕ್ಕ ಜೋತು ಬಿದ್ದು ಎರಡು ಸಲ ಮುರದ್ವು. ಗಾಜಿನ ಟ್ಯೂಬು ನಮಗ ತಡಿಯೂದಿಲ್ಲ ಅಂತ ತಗಡಿಂದ ಹಾಕಸೇವಿ. ಮಲಪ್ರಭಾ ನೀರಿಗೆ ಅದು ನಡೀತದ, ಬೋರಿನಷ್ಟು ಸುಣ್ಣ ಇಲ್ಲ. ಜೂನ್‌ದಿಂದ ಸೆಪ್ಟೆಂಬರ್ ತನಕ ಸೂರ್ಯನ ದರ್ಶನ ಅಪರೂಪ, ಆವಾಗ ಅದರೊಳಗಿನ ಕಾಯಿಲ್ ಹಚ್ಚಿದ್ರ 200 ಲೀಟರ್ ಪೂರಾ ಕಾಯಿಸ್ತದ, ಒಂದ ಸಲಕ್ಕ ಐದು ಯೂನಿಟ್ ಗುಳುಂ. ಅದಕ್ಕ ಬಚ್ಚಲದಾಗ ಸಣ್ಣ ಗೀಜರ್ ಬ್ಯಾರೇ ಇಟ್ಟೇನಿ.

ಕೇಶ್ವಾಪುರ ಫ್ಲ್ಯಾಟ್:
ಸೋಲಾರಿಗೆ ಈಗ ಸರ್ಕಾರದವರು 78,000 ಸಬ್ಸಿಡಿ ಕೊಡಾಕತ್ತಾರ ಅಂತಲ್ರಿ? ಅಷ್ಟರಾಗ ಫುಲ್ ಬಂದ್ಬಿಡತೈತಿ.

ಹಳೇಹುಬ್ಬಳ್ಳಿ ವಾಯರಮನ್:
ಅದು ಬ್ಯಾರೇ ಸೋಲಾರ್ರಿ. ಪಿಎಂ ಸೂರ್ಯ ಘರ್ ಅಂತ 2024ರಾಗ ಬಂತಲ್ಲ, ಕರೆಂಟ್ ತಯಾರ ಮಾಡೂ ಪ್ಯಾನಲ್ಲಿಗೆ, 3 ಕಿಲೋವ್ಯಾಟಿಗೆ 78,000. ನೀರು ಕಾಸೂ ಸೋಲಾರಿಗೆ ಅದು ಬರೂದಿಲ್ಲ. ನೀರಿನ ಸೋಲಾರ್ ಇದ್ದವರಿಗೆ ಬಿಲ್ಲಿನ್ಯಾಗ ಯೂನಿಟ್ಟಿಗೆ 50 ಪೈಸೆ ಕಡಿತ ಐತಿ, ತಿಂಗಳಿಗೆ ಹೆಚ್ಚಂದ್ರ 50 ರೂಪಾಯಿ. ಜೀರೋ ಬಿಲ್ ಬರೋರಿಗೆ ಅದನ್ನ ಎದರಾಗ ಕಳೀತಾರ ಅನ್ನೂದು ಬ್ಯಾರೇ ಮಾತು.

ಹಾನಗಲ್ ಗೊಂಜಾಳ:
ನೀವೆಲ್ಲಾ ಯೂನಿಟ್ ಯೂನಿಟ್ ಅನ್ನಕೋಂತ ಕುಂದರ್ರಿ. ನಮ್ಮಲ್ಲಿ ಗೋವಿನಜೋಳ ಒಕ್ಕಿದ ಮ್ಯಾಲೆ ಬೆಂಡು ರಾಶಿ ಬೀಳತಾವು, ಹತ್ತಿ ಕಟಗಿ ಐತಿ, ಬಚ್ಚಲ ಒಲಿಗೆ ಒಂದು ಬುಟ್ಟಿ ಹಾಕಿದ್ರ ಹಂಡೆ ಕುದೀತೈತಿ. ಬೂದಿ ಭಾಂಡೆ ತಿಕ್ಕಾಕ, ಉಳದದ್ದು ಬಾಳಿ ಗಿಡಕ್ಕ. ಆ ಹಂಡೆ ನೀರಿನ ಜಳಕಾ ಮಾಡಿದ್ರ ಮೈ ಹಗುರ ಆಗ್ತೈತಿ, ನಿಮ್ಮ ಗೀಜರಿನ ನೀರು ಮೈಗೆ ಹತ್ತೂದ ಇಲ್ಲ.

ಮಾಳಮಡ್ಡಿ ಮಾಸ್ತರ:
ನೀರು ಒಂದ ರೀ, ಮೈಗೆ ಹತ್ತೂದು ಒಲಿ ಮುಂದ ಕುಂತ ಕಾವು. ಆದ್ರ ಬಂಬಿನ ಬಗ್ಗೆ ಅತ್ತಿಯವರು ಹೇಳಿದ್ದು ತಿಳಿಗೇಡಿ ಮಾತಲ್ಲ. ಹಂಡೆ ಕೆಳಗ ಉರಿ ಹಚ್ಚಿದ್ರ ನೂರರಾಗ ಹತ್ತು ಹದಿನೈದು ಪಾಲು ಶಾಖ ನೀರಿಗೆ ಮುಟ್ಟೂದು, ಉಳದದ್ದು ಗ್ವಾಡಿಗೆ, ಹೊಗಿಗೆ. ನೂರು ಲೀಟರ್ ಹಂಡೆ ಕಾಯಾಕ ಒಣಾ ಕಟಗಿ ನಾಕೈದು ಕಿಲೋ ಬೇಕು. ಬಂಬಿನ್ಯಾಗ ಉರಿ ನಡುವಿನ ಕೊಳವ್ಯಾಗ, ಸುತ್ತಲೂ ನೀರು. ಹೊಗಿ ಮ್ಯಾಲೆ ಹೋಗೂ ಮುಂದ ನೀರಿಗೆ ಶಾಖಾ ಕೊಟ್ಟ ಹೋಗ್ತದ. ಲಾಳಿಕ್ಯಾಗ ಒಂದು ತಂಬಗಿ ತಣ್ಣೀರು ಹಾಕಿದ್ರ ಅದು ತಳಕ್ಕ ಇಳದು ಅಷ್ಟ ಸುಡೂ ನೀರು ಮ್ಯಾಲಿನ ಬಾಯಿಂದ ಹೊರಗ. ನಮ್ಮ ಅಜ್ಜನ ಮನ್ಯಾಗ ಇದ್ದದ್ದು ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಬಂಗಾರದ್ದಿದ್ದಂಗ ಹೊಳೀತಿತ್ತು, ತಿಕ್ಕೂ ಕೆಲಸಾ ನಂದ ಇತ್ತು, ಅದಕ್ಕ ಇಷ್ಟು ನೆನಪದ.

ಆದ್ರ ಬಾಡಿಗಿ ಮನಿ ಮ್ಯಾಲಿನ ಅಂತಸ್ತಿನ್ಯಾಗ, ಕಿಡಕಿ ಮುಚ್ಚಿದ ಬಚ್ಚಲದಾಗ ಅದನ್ನ ಹಚ್ಚೂದು ಬ್ಯಾಡ.

ಹಳೇಹುಬ್ಬಳ್ಳಿ ವಾಯರಮನ್:
ಅದ ಮಾತು ಗ್ಯಾಸ್ ಗೀಜರಿಗೂ ಬರ್ತೈತಿ, ಗೋಕುಲ ರೋಡ ಅಣ್ಣಾರ ಕಣ್ಣ ಮುಚ್ಚಿ ಹಾಕಸ್ರಿ ಅಂದ್ರಲ್ಲ, ಅದಕ್ಕ ಬರೀತೇನಿ. ನಮ್ಮ ಓಣ್ಯಾಗ ಒಬ್ಬ ಹುಡಿಗಿ ಜಳಕಕ್ಕ ಹೋದಕಿ ಅರ್ಧ ತಾಸ ಆದ್ರೂ ಹೊರಗ ಬರಲಿಲ್ಲ. ಒಳಗ ನೀರ ಬೀಳೂ ಸಪ್ಪಳ ಬರಾಕತ್ತಿತ್ತು, ಕೂಗಿದ್ರ ಉತ್ತರ ಇಲ್ಲ. ಬಾಗಲಾ ಒದ್ದು ತಗದ್ರು, ನೆಲದ ಮ್ಯಾಲೆ ಬಿದ್ದಿದ್ಲು, ತುಟಿ ಬ್ಯಾರೇ ಬಣ್ಣ ಆಗಿತ್ತು. ಪುಣ್ಯಾ ದವಾಖಾನಿಗೆ ಒಯ್ದು ಆಕ್ಸಿಜನ್ ಹಚ್ಚಿದ ಮ್ಯಾಲೆ ಉಳಕೊಂಡ್ಲು. ಗ್ಯಾಸ್ ಲೀಕ್ ಆಗಿರಲಿಲ್ರಿ, ಲೀಕಾದ್ರ ವಾಸನಿ ಬರ್ತೈತಿ, ಅದಕ್ಕಂತ ಅದರಾಗ ವಾಸನಿ ಕೂಡಿಸಿರ್ತಾರ. ಇದು ಗಾಳಿ ಸಾಲದ ಗ್ಯಾಸ್ ಅರ್ಧಮರ್ಧ ಉರದಾಗ ಹುಟ್ಟೂ ಕಾರ್ಬನ್ ಮಾನಾಕ್ಸೈಡ್, ವಾಸನಿ ಇಲ್ಲ ಬಣ್ಣ ಇಲ್ಲ, ಕಣ್ಣಿಗೆ ಉರಿ ಇಲ್ಲ. ಥಂಡಿ ಅಂತ ಕಿಡಕಿಗೆ ಪೇಪರ್ ಹಚ್ಚಿದ್ರಂತ.

ಹಾಕಿಸೋದಿದ್ರ ಗೀಜರ್ ಬಚ್ಚಲದ ಹೊರಗ, ಬಾಲ್ಕನಿ ಇಲ್ಲಾ ಹಿತ್ತಲದಾಗ ಇರಬೇಕು, ಬಿಸಿನೀರಿನ ಪೈಪ ಅಷ್ಟ ಒಳಗ ಬರಬೇಕು. ಈಗಾಗಲೇ ಒಳಗ ಇದ್ದವರು ಕಡೀಕ ಇಷ್ಟರ ಮಾಡ್ರಿ, ಬಾಗಲಾ ತಗದಿಟ್ಟು ಬಕೀಟು ತುಂಬಿಸಿ, ಗೀಜರ್ ಬಂದ್ ಮಾಡಿ, ಆಮ್ಯಾಲೆ ಚಿಲಕಾ ಹಾಕ್ಕೋರಿ.

ಗೋಕುಲ ರೋಡ:
ಅಣ್ಣಾ ನಮ್ಮದು ಒಳಗ ಐತಿ. ಕಿಡಕಿ ಸಣ್ಣದು ಐತಿ ಮತ್ತ. ಇವತ್ತ ಪ್ಲಂಬರಿಗೆ ಫೋನ್ ಮಾಡ್ತೀನಿ.

ಕೇಶ್ವಾಪುರ ಫ್ಲ್ಯಾಟ್:
ಬಕೀಟಿನ್ಯಾಗ ಇಳಿಬಿಡೂ ಕಾಯಿಲ್ ಬಗ್ಗೆ ಯಾರೂ ಮಾತಾಡಲಿಲ್ಲ? ನಾ ಬ್ಯಾಚಲರ್ ಇದ್ದಾಗ ಬರೇ ಕಾಯಿಲ್ ಮ್ಯಾಲೆ ಐದು ವರ್ಷ ತಗದೀನಿ, 1500 ವ್ಯಾಟಿಂದು, ಇಪ್ಪತ್ತು ನಿಮಿಷಕ್ಕ ಬಕೀಟು ರೆಡಿ. ಬೇಕಾದಷ್ಟ ನೀರು ಕಾಯಿಸೂದು, ಪೈಪಿನ್ಯಾಗ ವೇಸ್ಟ್ ಇಲ್ಲ, ಆರೂದಿಲ್ಲ. ಒಮ್ಮೆ ಹಚ್ಚಿ ಮಲಕೊಂಡು ಪ್ಲಾಸ್ಟಿಕ್ ಬಕೀಟು ಕರಗಿ ನೆಲಕ್ಕ ಹತ್ತಿತ್ತು ಅದು ಬ್ಯಾರೇ.

ಹಳೇಹುಬ್ಬಳ್ಳಿ ವಾಯರಮನ್:
ಲೆಕ್ಕಕ್ಕ ಕಾಯಿಲ್‌ನಂಥಾದ್ದು ಇಲ್ಲ ಖರೆ, ಆದ್ರ ಮಕ್ಕಳು ಮುದುಕರು ಇರೂ ಮನ್ಯಾಗ ನಾ ಹೂಂ ಅನ್ನೂದಿಲ್ಲ. ನೀರು ಕಾದೈತೇನು ಅಂತ ಬೆರಳ ಅದ್ದಿ ನೋಡೂ ಚಟ ನಮ್ಮ ಮಂದಿಗೆ. ಸ್ವಿಚ್ ಆಫ್ ಮಾಡಿ ಪಿನ್ ಕಿತ್ತಿದ ಮ್ಯಾಲೆ ನೀರು ಮುಟ್ಟಬೇಕು. ಅರ್ಥಿಂಗ್ ಛಲೋ ಇರಬೇಕು, 30 ಮಿಲಿಆಂಪಿನ ಆರ್‌ಸಿಸಿಬಿ (ಶಾಕ್ ಹೊಡದ್ರ ಕರೆಂಟ್ ತಾನ ಕಡಿಯೂ ಸ್ವಿಚ್) ಮನಿಗೊಂದು ಇರಲಿ, ಗೀಜರಿಗೂ ಅದು ಬೇಕು.

ಅಕ್ಕಾರ, ಮಾಸ್ತರ ಹೇಳಿದ ಒಂದೂವರಿ ಯೂನಿಟ್ ಹಿಡಿಯೂಣು ಬರ್ರಿ. ಮೀಟರ್ ಮ್ಯಾಲೆ ಒಂದು ಕೆಂಪು ಲೈಟ್ ಮಿಣುಕತಿರ್ತೈತಿ, ಒಂದು ಯೂನಿಟ್ಟಿಗೆ ಎಷ್ಟು ಸಲ ಮಿಣುಕತೈತಿ ಅನ್ನೂದು ಅದರ ಮ್ಯಾಲ ಬರದಿರ್ತಾರ, ಭಾಳ ಮೀಟರಿಗೆ 3200 ಇರ್ತೈತಿ. ಫ್ಯಾನು, ಲೈಟು, ಫ್ರಿಜ್ ಎಲ್ಲಾ ಬಂದ್ ಮಾಡಿ ಬರೇ ಗೀಜರ್ ಇಟ್ಟು ಎಣಸ್ರಿ, 2 ಕಿಲೋವ್ಯಾಟ್ ಇದ್ರ 30 ಸೆಕೆಂಡಿಗೆ 53 ಹತ್ರ ಬರಬೇಕು. ಅದಾದ ಮ್ಯಾಲೆ ಒಬ್ಬೊಬ್ಬರ ಜಳಕದ ಮೊದಲ ಮತ್ತ ಆಮ್ಯಾಲೆ ರೀಡಿಂಗ್ ಬರದಿಡ್ರಿ, ಮುಂದಿನವರು ಹೋಗೂ ಮೊದಲು ಗೀಜರಿನ ಲೈಟ್ ಹೋಗೂ ತನಕ ಕಾಯಬೇಕು, ಅಂದ್ರ ಲೆಕ್ಕ ಕರೆಕ್ಟ್ ಕೂಡತೈತಿ.

ನವನಗರ ಅಕ್ಕ:
ಅಯ್ಯ ದೇವ್ರ, ನಮ್ಮನಿಯವರು ನಾನ ಎಣಸತೀನಿ ಅಂತ ವಹಿ ಪೆನ್ನು ತಗೊಂಡು ಮೀಟರ್ ಮುಂದ ಸ್ಟೂಲ್ ಹಾಕ್ಕೊಂಡು ಕುಂತಾರ. ರವಿವಾರ ನೋಡಿ ಹೇಳತೀನಿ.

ಬೆಟಗೇರಿ ಮಗ್ಗ:
ಗೀಜರ್ ಹಳೇದು ಇದ್ರ ಕಾಯಿಲ್‌ಗೆ ಸುಣ್ಣ ಹತ್ತಿ ಕರೆಂಟ್ ಜಾಸ್ತಿ ಎಳಿತೈತಿ, ಅದನ್ನೂ ನೋಡ್ರಿ.

ಮಾಳಮಡ್ಡಿ ಮಾಸ್ತರ:
ಎಲ್ಲಾರೂ ಹೇಳೂ ಮಾತು ಇದು, ಅರ್ಧಾ ತಪ್ಪು. ಕಾಯಿಲು ನೀರಿನ್ಯಾಗ ಮುಳುಗಿದ್ದಾಗ ಅದರ ಶಾಖ ಎಲ್ಲಿಗೆ ಹೋಗಬೇಕು? ಸುಣ್ಣ ದಾಟಿಕೊಂಡು ನೀರಿಗೇ ಬರಬೇಕು. ಶಾಖ ಹೊರಗ ಬರಾಕ ತ್ರಾಸ ಆಗಿ ಕಾಯಿಲು ಒಳಗೊಳಗ ಹೆಚ್ಚಿಗೆ ಕಾದು ಸುಟ್ಟು ಹೋಗ್ತದ, ಅದು ನಷ್ಟ. ಯೂನಿಟ್ಟಿನ ನಷ್ಟ ಅಷ್ಟಿಲ್ಲ. ಗ್ಯಾಸ್ ಗೀಜರಿನ್ಯಾಗ ಸುಣ್ಣ ಹತ್ತಿದ್ರ ಮಾತ್ರ ಶಾಖ ನೀರಿಗೆ ಹೋಗದ ಹೊಗಿ ಜೊತಿ ಹೊರಗ ಹೋಗ್ತದ, ಅಲ್ಲಿ ಖರೇನ ಖರ್ಚು ಏರ್ತದ.

ಕೇಶ್ವಾಪುರ ಫ್ಲ್ಯಾಟ್:
ಮಾಸ್ತರ್ರ ಮತ್ತ ಗೀಜರ್ ದಿನಾ ಇಡೀ ಹಚ್ಚಿಟ್ರ ಉಳಿತಾಯ ಅಂತಾರಲ್ಲ, ಪದೇ ಪದೇ ಆನ್ ಆಫ್ ಮಾಡಿದ್ರ ಜಾಸ್ತಿ ಎಳಿತೈತಂತ?

ಮಾಳಮಡ್ಡಿ ಮಾಸ್ತರ:
ಅದು ಪೂರಾ ತಪ್ಪು. ಬಿಸಿ ಇದ್ದಷ್ಟು ಹೊತ್ತು ಶಾಖಾ ಸೋರ್ತದ. 25 ಲೀಟರಿಂದು ಇಡೀ ದಿನ ಹಚ್ಚಿಟ್ರ ಯಾರೂ ನೀರು ಮುಟ್ಟದ ಅರ್ಧದಿಂದ ಒಂದು ಯೂನಿಟ್ ಹೋಗ್ತದ. ಸ್ಟಾರ್ ಹೆಚ್ಚಿದ್ದದ್ದು ಅಂದ್ರ ಆ ಸೋರಿಕಿ ಕಡಿಮಿ ಅಂತ ಅರ್ಥ, ನೀರು ಅಗ್ಗದಾಗ ಕಾಯ್ತದ ಅಂತ ಅಲ್ಲ.

ಕೇಶ್ವಾಪುರ ಫ್ಲ್ಯಾಟ್:
ನಮ್ಮ ಅಪಾರ್ಟ್‌ಮೆಂಟಿನ್ಯಾಗ ಹೀಟ್ ಪಂಪ್ ಹಾಕಸೂದು ಅಂತ ಮಾತು ನಡದೈತಿ. ಗಾಳಿಯೊಳಗಿನ ಶಾಖ ಎಳದು ನೀರಿಗೆ ಕೊಡತೈತಂತ, ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನ ಕೆಲಸ. ಮೀಟಿಂಗಿನ್ಯಾಗ ಕೊಟೇಶನ್ ನೋಡಿ ಎಲ್ಲಾರೂ ಚಾ ಕುಡದು ಎದ್ದು ಹೋದ್ರು.

ನವನಗರ ಅಕ್ಕ:
ರಿಪೋರ್ಟ್ ತಂದೀನ್ರಿ!! ಎಲ್ಲಾರೂ ಓದ್ರಿ.

ಲೈಟ್ ಎಣಿಸಿದ್ದು 30 ಸೆಕೆಂಡಿಗೆ 52, ವಾಯರಮನ್ ಅಣ್ಣಾರ ಮಾತು ಕರೆಕ್ಟ್. ಮಷೀನ ತಪ್ಪಿಲ್ಲ. ಜಳಕದ ರೀಡಿಂಗ್: ಅತ್ತಿಯವರು ಅರ್ಧ, ನಾನು ಅರ್ಧಕ್ಕ ಒಂಚೂರು ಹೆಚ್ಚು, ಮಗಳು ಅರ್ಧಕ್ಕ ಕಡಿಮಿ, ನಮ್ಮನಿಯವರು ಅರ್ಧ. ನಮ್ಮ ರಾಜಕುಮಾರ ಒಂದೂವರಿ ಯೂನಿಟ್!! ನಾವೆಲ್ಲಾ ಬಕೀಟು ತಂಬಗಿ, ಆಂವ ಶಾವರ್. ನಮ್ಮನಿಯವರು ಬಕೀಟು ತಗೊಂಡು ಹೋಗಿ ಶಾವರಿನ ಕೆಳಗ ಇಟ್ಟು ಮೊಬೈಲಿನ್ಯಾಗ ಟೈಮ್ ಹಚ್ಚಿದ್ರು, 20 ಲೀಟರ್ ತುಂಬಾಕ ಎರಡು ನಿಮಿಷ ಐವತ್ತು ಸೆಕೆಂಡು. ಆಂವ ಒಳಗ ಇರೂದು ಹತ್ತು ನಿಮಿಷ. ಯಾವಾಗ ಹೊರಗ ಬರ್ತಿಯೋ ಅಂದ್ರ ನೀರು ತಣ್ಣಗಾದಾಗ ಅಂತಾನ.

ಮಾಳಮಡ್ಡಿ ಮಾಸ್ತರ:
ಭೇಷ್! 70 ಲೀಟರು. 25 ಲೀಟರಿನ ಗೀಜರ್ 65 ಡಿಗ್ರಿಗೆ ಇದ್ದು, ಜಳಕದ ಹೊತ್ತಿಗೂ ಹತ್ತಿದ್ರ ತಣ್ಣೀರು ಕೂಡಿ ಹತ್ರ ಹತ್ರ ಅಷ್ಟ ನೀರು ಬರೂದು, ಹುಡುಗ ಗೀಜರ್ ಪೂರಾ ಬರಿದು ಮಾಡೇ ಹೊರಗ ಬರ್ತಾನ. ಅಂದ್ರ ಒಂದು ಯೂನಿಟ್ ಕಳ್ಳ ಸಿಕ್ಕ. ಇನ್ನೂ ಅರ್ಧ ಬಾಕಿ ಅದ ನೋಡ್ರಿ.

ಹಳೇಹುಬ್ಬಳ್ಳಿ ವಾಯರಮನ್:
ಅಡಗಿಮನಿ ಸಿಂಕಿಗೆ ಎಂಥಾ ನಳ ಐತಿ ಅಕ್ಕಾರ? ಒಂದ ಹಿಡಿ ಇರೂದೇನು, ಎಡಕ್ಕ ಬಿಸಿ ಬಲಕ್ಕ ತಣ್ಣಗ?

ನವನಗರ ಅಕ್ಕ:
ಹೌದ್ರಿ ಅದ. ಮಾಲಕರು ಹೊಸದಾಗಿ ಹಾಕಿಸ್ಯಾರ.

ಹಳೇಹುಬ್ಬಳ್ಳಿ ವಾಯರಮನ್:
ಹಂಗಾದ್ರ ಈಗ ಎದ್ದು ಹೋಗಿ ಹಿಡಿ ಎಲ್ಲಿ ನಿಂತೈತಿ ನೋಡಿ ಬರ್ರಿ.

ನವನಗರ ಅಕ್ಕ:
ನಟ್ಟ ನಡುವ ಐತಿ. ಯಾವಾಗಲೂ ಅಲ್ಲೇ ಇರ್ತೈತಿ, ನೋಡಾಕ ಛಂದ ಅಂತ. ಯಾಕ್ರಿ?

ಹಳೇಹುಬ್ಬಳ್ಳಿ ವಾಯರಮನ್:
ನಡುವ ಇದ್ದಾಗ ಎತ್ತಿದ್ರ ಅರ್ಧ ತಣ್ಣೀರು ಅರ್ಧ ಗೀಜರಿನ ನೀರು ಬರ್ತೈತಿ. ನೀವು ಎರಡು ಬೆರಳ ತೊಳದು ಬಂದ್ ಮಾಡ್ತೀರಿ, ಗೀಜರಿನಿಂದ ಹೊಂಟ ಬಿಸಿನೀರು ಸಿಂಕಿಗೆ ಮುಟ್ಟೂದ ಇಲ್ಲ, ಪೈಪಿನ್ಯಾಗ ಕುಂತು ತಣ್ಣಗಾಗ್ತೈತಿ. ಮುಂಜಾನೆ ಅಡಗಿ ಹೊತ್ತಿನ್ಯಾಗ ಹಿಂಗ ಎಷ್ಟ ಸಲ ಎತ್ತಿ ಇಳಸ್ತೀರಿ, ಲೆಕ್ಕ ಹಾಕ್ರಿ. ನಿಮಗ ತಣ್ಣೀರ ಬಂದಂಗ ಅನಸ್ತೈತಿ, ಗೀಜರ್ ಮಾತ್ರ ಅಲ್ಲಿ ಮತ್ತ ಮತ್ತ ಹತ್ಕೋತಿರ್ತೈತಿ.

ಮಾಳಮಡ್ಡಿ ಮಾಸ್ತರ:
ನಾನು ಮೂವತ್ತು ವರ್ಷ ಪಾಠಾ ಹೇಳಿದವ, ಇದು ನನ್ನ ತಲ್ಯಾಗ ಹೊಳೀಲಿಲ್ಲ. ನಮ್ಮ ಮನ್ಯಾಗೂ ಅಂಥಾದ್ದ ಅದ, ಹೋಗಿ ಬಲಕ್ಕ ತಿರುವಿ ಬಂದೆ.

ಮುಕ್ಕಾಲು ಇಂಚಿನ ಪೈಪ ಇದ್ರ ನಾಕು ಮೀಟರಿಗೆ ಒಂದು ಲೀಟರ್ ನೀರು ಹಿಡೀತದ. ಮಾಳಿಗಿ ಮ್ಯಾಲಿನ ಸೋಲಾರಿಂದ ಕೆಳಗಿನ ಬಚ್ಚಲಕ್ಕ 20 ಮೀಟರ್ ಇದ್ರ ಮುಂಜಾನೆ ಮೊದಲ ಐದು ಲೀಟರ್ ತಣ್ಣೀರ ಬರೂದು. ನಮ್ಮ ಮನ್ಯಾಗ ಆ ನೀರು ಗಿಡಕ್ಕ ಹೋಗ್ತದ. ವಾರಕ್ಕೊಮ್ಮೆ ನೀರು ಬರೂ ಓಣಿಯವರಿಗೆ ಇದು ಕರೆಂಟಿಗಿಂತ ದೊಡ್ಡ ಲೆಕ್ಕ.

ಹಳೇಹುಬ್ಬಳ್ಳಿ ವಾಯರಮನ್:
ಅಕ್ಕಾರ, ಗೀಜರಿನ ಕೆಳಗಿನ ಮುಚ್ಚಳ ತಗದ್ರ ಥರ್ಮೋಸ್ಟಾಟ್ ತಿರಪ ಐತಿ, 65 ಇದ್ದದ್ದನ್ನ 50ಕ್ಕ ಇಳಸ್ರಿ. ಮೊದಲ ಮೇನ್ ಬಂದ್ ಮಾಡಿ, ಇಲ್ಲಾ ಗೊತ್ತಿದ್ದವರನ್ನ ಕರಸಿ. ಹುಡುಗಗ ನೀರು ಬೇಗ ತಣ್ಣಗಾಗ್ತೈತಿ, ತಾನ ಹೊರಗ ಬರ್ತಾನ 😄

ಹಾನಗಲ್ ಗೊಂಜಾಳ:
ಅಣ್ಣ ಪಾಪ ಪರೀಕ್ಷಾ ಟೈಮಿನ್ಯಾಗ ಹುಡುಗನ ಶಾವರಿಗೆ ಕಣ್ಣ ಹಾಕಬ್ಯಾಡ್ರಿ.

ಗೋಕುಲ ರೋಡ:
ನಮ್ಮ ಗೀಜರ್ ಹೊರಗಿನ ಬಾಲ್ಕನಿಗೆ ಹೋತ್ರಿ. ಪೈಪ ಎರಡು ಮೀಟರ್ ಉದ್ದ ಆತು, ಹನ್ನೊಂದು ನೂರು ಖರ್ಚಾತು. ನಮ್ಮಕಿ ಈಗ ಬಚ್ಚಲದಾಗ ಮೊದಲಿನ ಹಂಗ ತಲಿ ಭಾರ ಆಗೂದಿಲ್ಲ ಅಂತಾಳ. ನಾಕು ವರ್ಷ ನಾವು ಅದನ್ನ ಸಾಬಾಣದ ವಾಸನಿಗೆ ಅಂದ್ಕೊಂಡಿದ್ವಿ.

ನವನಗರ ಅಕ್ಕ:
ಜನವರಿ ಬಿಲ್ ಬಂತ್ರಿ. 178! 165 ಕಳದು ಹದಿಮೂರು ಯೂನಿಟ್ಟಿಗೆ ಎಂಬತ್ತೇಳು ರೂಪಾಯಿ. ಮಾಡಿದ್ದು ಇಷ್ಟ, ಅಡಗಿಮನಿ ಹಿಡಿ ಬಲಕ್ಕ, ಗೀಜರ್ 50ಕ್ಕ, ಒಬ್ಬರ ಹಿಂದ ಒಬ್ಬರು ಜಳಕ ಮುಗಿಸಿ ಸ್ವಿಚ್ ಬಂದ್. ಹೊಸಾದು ಏನೂ ತರಲಿಲ್ಲ. ಮಗ ಶಾವರ್ ಬಿಟ್ಟಿಲ್ಲ, ಮೊದಲ ಒಂದು ಬಕೀಟು ತುಂಬಕೊಂಡು ಜಳಕ, ಕಡೀಕ ಒಂದು ನಿಮಿಷ ಶಾವರ್ ಅಂತ ರಾಜಿ ಆಗೇತಿ. ನಮ್ಮನಿಯವರು ಇನ್ನೂ ದಿನಾ ಮುಂಜಾನೆ ಮೀಟರ್ ರೀಡಿಂಗ್ ಬರೀತಾರ, ಚಟ ಹತ್ತೇತಿ.

ಹಾನಗಲ್ ಗೊಂಜಾಳ:
ಬಂಬ್ ಏನಾತು?

ನವನಗರ ಅಕ್ಕ:
ಬ್ಯಾಡಗಿಯಿಂದ ಬಂತ್ರಿ, ಅತ್ತಿಯವರು ಬಿಡಲಿಲ್ಲ. ಹುಣಸಿಹಣ್ಣು ಹಚ್ಚಿ ತಿಕ್ಕಿ ಪಡಸಾಲ್ಯಾಗ ಟಿವಿ ಬಾಜೂ ಇಟ್ಟಾರ, ಬಂದವರೆಲ್ಲಾ ಅದನ್ನ ಕೇಳತಾರ. ಮಾಲಕರು ನೋಡಿ ಹೋದ್ರು, ಮಾರೂದಿದ್ರ ಹೇಳ್ರಿ ಅಂದಾರ. ಅತ್ತಿಯವರು ಮಾರೂದಿಲ್ಲ, ಮಾಳಿಗಿ ಮ್ಯಾಲೆ ಸೋಲಾರಿಗೆ ಜಾಗಾ ಕೊಡ್ರಿ ಆಮ್ಯಾಲೆ ಮಾತಾಡೂಣು ಅಂದ್ರು.